ಅಡುಗೆಮನೆಯ ಚುಚ್ಚು ಥರ್ಮಾಮೀಟರ್: ಚಿಕನ್‌ಗೆ ಬೇಕೇ ಬೇಕು, ಡಬ್ಬಿಗೆ ಕೆಲಸಕ್ಕೆ ಬರದು

ಚಿಕನ್ ಬೆಂದಿದೆಯೇ ಎಂದು ನೋಡಲು ಬಹಳಷ್ಟು ಮನೆಗಳಲ್ಲಿ ಮಾಡುವುದಿಷ್ಟೇ: ಒಂದು ತುಂಡು ತೆಗೆದು ಮುರಿದು ನೋಡುವುದು, ಕೆಂಪು ನೀರು ಬರದಿದ್ದರೆ ಒಲೆ ಆರಿಸುವುದು. ಈ ಪರೀಕ್ಷೆಯನ್ನು ಎರಡು ಕಾರಣಕ್ಕೆ ನಂಬುವಂತಿಲ್ಲ. ಎಳೆಯ ಬ್ರಾಯ್ಲರ್ ಕೋಳಿಯಲ್ಲಿ ಮೂಳೆಯೊಳಗಿನ ಮಜ್ಜೆಯ ಕೆಂಪು ಪಕ್ಕದ ಮಾಂಸಕ್ಕೆ ಇಳಿದು, ಪೂರ್ತಿ ಬೆಂದ ಮೇಲೂ ಗುಲಾಬಿ ಬಣ್ಣ ಉಳಿಯಬಹುದು. ಇನ್ನೊಂದು ಕಡೆ, ಬೇಕಾದಷ್ಟು ಕಾವು ಏರುವ ಮೊದಲೇ ಮಾಂಸ ಬೆಳ್ಳಗಾಗಿ ಬೆಂದಂತೆ ಕಾಣಬಹುದು. ಹಸಿ ಕೋಳಿಯಲ್ಲಿ ಇರಬಹುದಾದ ಸಾಲ್ಮೊನೆಲ್ಲಾ ಮತ್ತು ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗಳು ಸತ್ತಿವೆಯೇ ಎಂಬುದು ತುಂಡಿನ ನಟ್ಟನಡುವೆ ಎಷ್ಟು ಕಾವು ಮುಟ್ಟಿತು, ಎಷ್ಟು ಹೊತ್ತು ನಿಂತಿತು ಎಂಬುದರ ಮೇಲೆ ನಿಂತಿದೆ. ಅದನ್ನು ಅಳೆಯುವ ಚುಚ್ಚು ಥರ್ಮಾಮೀಟರ್ ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮನೆಯಲ್ಲಿ ಕಬಾಬ್, ಗ್ರಿಲ್, ಏರ್ ಫ್ರೈಯರ್ ಚಿಕನ್ ಮಾಡುವವರು ಇದನ್ನು ಕೊಳ್ಳಲೇಬೇಕು. ಬರೀ ಸಾರು ಮಾಡುವವರಿಗೆ ಒಲೆಯ ಮೇಲೆ ಇದರ ಅಗತ್ಯ ಕಡಿಮೆ, ಫ್ರಿಜ್ಜಿನಲ್ಲಿ ಹೆಚ್ಚು. ಟಿನ್ ಡಬ್ಬಿಯ ಆಹಾರ ಸುರಕ್ಷಿತವೇ ಎಂದು ತಿಳಿಯಲು ಮಾತ್ರ ಇದನ್ನು ಎಂದೂ ನಂಬಬಾರದು. ಮುಂದೆ ಬರುವ ಡಿಗ್ರಿಗಳೆಲ್ಲ ಸೆಲ್ಸಿಯಸ್.

ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ನಾಲ್ಕು ಬಗೆ. ಗಡಿಯಾರದಂಥ ಮುಳ್ಳಿರುವ ಡಯಲ್ ಮಾದರಿಗೆ ಬ್ಯಾಟರಿ ಬೇಡ, ನೋಡಲೂ ಗಟ್ಟಿಮುಟ್ಟು. ಆದರೆ ಅದು ಕಾವನ್ನು ಗ್ರಹಿಸುವುದು ಕಡ್ಡಿಯ ತುದಿಯಿಂದ ಐದಾರು ಸೆಂಟಿಮೀಟರ್ ಮೇಲಿನವರೆಗಿನ ಭಾಗದಲ್ಲಿ. ಅಷ್ಟು ಆಳ ಇಳಿಸಲು ಇಡೀ ಕೋಳಿ ಬೇಕು. ಕರಿ ಕಟ್ ತುಂಡಿಗೆ ಚುಚ್ಚಿದರೆ ಅರ್ಧ ಮಾಂಸದ, ಅರ್ಧ ಗಾಳಿಯ ಸರಾಸರಿ ಬರುತ್ತದೆ. ಗನ್ ಆಕಾರದ ಇನ್‌ಫ್ರಾರೆಡ್ ಮಾದರಿ ಮೇಲ್ಮೈಯನ್ನು ಮಾತ್ರ ನೋಡುತ್ತದೆ. ತವಾ ಕಾದಿದೆಯೇ ಎಂದು ನೋಡಲು ಸರಿ, ಚಿಕನ್ ಒಳಗೆ ಬೆಂದಿದೆಯೇ ಎಂಬುದಕ್ಕೆ ಶೂನ್ಯ. ಉಳಿದ ಎರಡು ಡಿಜಿಟಲ್. ಅಗ್ಗದ್ದರಲ್ಲಿ ತುದಿಗೆ ಥರ್ಮಿಸ್ಟರ್ ಎಂಬ ಕಾವು ಗ್ರಹಿಸುವ ಭಾಗ ಇರುತ್ತದೆ, ಒಂದೂಕಾಲು ಸೆಂಟಿಮೀಟರಿನಷ್ಟು ಒಳಗಿಳಿಸಿ ಹತ್ತು ಸೆಕೆಂಡು ಕಾದರೆ ಅಂಕಿ ನಿಲ್ಲುತ್ತದೆ. ದುಬಾರಿಯದರಲ್ಲಿ ಅದರ ಬದಲು ಥರ್ಮೋಕಪಲ್, ಅರ್ಧ ಸೆಂಟಿಮೀಟರಿಗಿಂತ ತುಸು ಹೆಚ್ಚು ಆಳ ಸಾಕು, ಎರಡರಿಂದ ಐದು ಸೆಕೆಂಡಿನಲ್ಲಿ ಉತ್ತರ. ಬೋನ್‌ಲೆಸ್ ಕಬಾಬಿನಂಥ ಚಿಕ್ಕ ತುಂಡುಗಳನ್ನು ಮೇಲಿಂದ ಮೇಲೆ ಮಾಡುವವರಿಗೆ ಆ ವೇಗಕ್ಕೆ ಕೊಡುವ ದುಡ್ಡು ವ್ಯರ್ಥವಲ್ಲ. ವಾರಕ್ಕೊಮ್ಮೆ ಚಿಕನ್ ಮಾಡುವ ಮನೆಗೆ ಥರ್ಮಿಸ್ಟರ್ ಧಾರಾಳ ಸಾಕು.

ತಂದ ದಿನವೇ ಅದನ್ನು ಪರೀಕ್ಷೆಗೆ ಒಡ್ಡಿ. ಒಂದು ಎತ್ತರದ ಲೋಟದ ತುಂಬ ಪುಡಿ ಮಾಡಿದ ಐಸ್ ಹಾಕಿ, ಸಂದು ತುಂಬುವಷ್ಟು ಮಾತ್ರ ತಣ್ಣೀರು ಸುರಿದು, ಕಲಕಿ, ಮೂರು ನಿಮಿಷ ಬಿಡಿ. ಕಡ್ಡಿಯನ್ನು ಐದು ಸೆಂಟಿಮೀಟರ್ ಇಳಿಸಿ, ತುದಿ ತಳಕ್ಕೂ ಅಂಚಿಗೂ ತಾಗದಂತೆ ಹಿಡಿಯಿರಿ. 0 ಬರಬೇಕು, ಒಂದು ಡಿಗ್ರಿ ಅತ್ತಿತ್ತ ಆದರೆ ತೊಂದರೆಯಿಲ್ಲ. ನೀರು ಹೆಚ್ಚಾಗಿ ಐಸ್ ಮೇಲೆ ತೇಲುತ್ತಿದ್ದರೆ ತಳದಲ್ಲಿ ಮೂರು ನಾಲ್ಕು ಡಿಗ್ರಿ ತೋರಿಸಬಹುದು. ಅದು ಯಂತ್ರದ ತಪ್ಪಲ್ಲ, ಲೋಟದ್ದು.

ಕುದಿಯುವ ನೀರಿನ ಪರೀಕ್ಷೆಯಲ್ಲಿ ನಮ್ಮ ಕಡೆಯವರು ಎಡವುವ ಒಂದು ಜಾಗವಿದೆ. ಬೆಂಗಳೂರಿನಲ್ಲಿ ಕೊತಕೊತ ಕುದಿಯುವ ನೀರಿಗಿಟ್ಟರೆ 97ರ ಆಸುಪಾಸು ತೋರಿಸುತ್ತದೆ, ‘ಮೂರು ಡಿಗ್ರಿ ಕಡಿಮೆ ಬರುತ್ತಿದೆ’ ಎಂದು ವಾಪಸ್ ಕಳಿಸುವವರಿದ್ದಾರೆ. ಯಂತ್ರ ಸರಿಯಾಗಿಯೇ ಇದೆ. ಸಮುದ್ರಮಟ್ಟದಿಂದ ಮೇಲೇರುತ್ತ ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಯುವ ಬಿಂದು ಇಳಿಯುತ್ತದೆ. ಬೆಂಗಳೂರು 900 ಮೀಟರಿಗಿಂತ ಎತ್ತರದಲ್ಲಿದೆ. ಮಡಿಕೇರಿಯಲ್ಲಿ ಸುಮಾರು 96, ಹುಬ್ಬಳ್ಳಿಯಲ್ಲಿ ಸುಮಾರು 98, ಮಂಗಳೂರಿನಲ್ಲಿ 100 ಬರಬೇಕು. ಬೆಂಗಳೂರಿನಲ್ಲಿ ನಿಖರವಾಗಿ 100 ತೋರಿಸುವ ಥರ್ಮಾಮೀಟರನ್ನೇ ಅನುಮಾನಿಸಬೇಕು.

ಇನ್ನು ಬೇಯಿಸುವ ಮಾತು. ನೆನಪಿಡಬೇಕಾದ ಅಂಕಿ 74. ಅಮೆರಿಕದ ಕೃಷಿ ಇಲಾಖೆ ಎಲ್ಲ ಬಗೆಯ ಕೋಳಿಮಾಂಸಕ್ಕೆ ಹೇಳುವ ಮಟ್ಟ ಅದು. ಬ್ರಿಟನ್ನಿನಲ್ಲಿ 70 ಡಿಗ್ರಿಯಲ್ಲಿ ಎರಡು ನಿಮಿಷ ಎನ್ನುತ್ತಾರೆ. ಎರಡರ ಉದ್ದೇಶವೂ ಒಂದೇ: ಕಾವು ಹೆಚ್ಚಿದಷ್ಟೂ ಬೇಕಾದ ಸಮಯ ಕಡಿಮೆ, ಕಾವು ಕಡಿಮೆಯಾದರೆ ಹೆಚ್ಚು ಹೊತ್ತು ಅಲ್ಲೇ ನಿಲ್ಲಬೇಕು. ಆದರೆ 74 ಸುರಕ್ಷೆಯ ಅಂಕಿ, ರುಚಿಯದ್ದಲ್ಲ. ಎದೆಯ ಭಾಗ 75 ದಾಟಿ ಮುಂದೆ ಹೋದಷ್ಟೂ ನಾರುನಾರಾಗಿ ಒಣಗುತ್ತದೆ. ಲೆಗ್ ಪೀಸ್ 74ಕ್ಕೆ ತಿನ್ನಲು ಸುರಕ್ಷಿತ, ಆದರೆ ಹಲ್ಲಿಗೆ ರಬ್ಬರಿನಂತಿರುತ್ತದೆ. 80–85ರವರೆಗೆ ಬಿಟ್ಟರೆ ಒಳಗಿನ ಗಟ್ಟಿ ಅಂಗಾಂಶ ಕರಗಿ ಮೆತ್ತಗಾಗುತ್ತದೆ. ನಾಟಿ ಕೋಳಿಯಂತೂ ಸುರಕ್ಷಿತವಾದ ಎಷ್ಟೋ ಹೊತ್ತಿನ ಮೇಲೆ ಮೆತ್ತಗಾಗುವಂಥದ್ದು, ಅಲ್ಲಿ ಥರ್ಮಾಮೀಟರಿಗೆ ಹೇಳಲು ಏನೂ ಇಲ್ಲ.

ಈ ಯಂತ್ರ ತನ್ನ ಬೆಲೆಯನ್ನು ಸಂಪಾದಿಸುವುದು ಕಬಾಬಿನಲ್ಲಿ. ಕಾರ್ನ್ ಫ್ಲೋರ್, ಮೈದಾ, ಮೊಟ್ಟೆ, ಬ್ಯಾಡಗಿ ಖಾರದ ಪುಡಿಯ ಲೇಪನ ಹಸಿ ಇದ್ದಾಗಲೇ ಕೆಂಪು, ಬೆಂದಾಗಲೂ ಕೆಂಪು. ಹೊರಗಿನಿಂದ ತಿಳಿಯುವುದೇ ಇಲ್ಲ. (ಕೃತಕ ಬಣ್ಣ ಹಾಕಿದ ಕಬಾಬಿನಲ್ಲಿ ಇನ್ನೂ ಕಷ್ಟ. ಕರ್ನಾಟಕ ಸರ್ಕಾರ 2024ರ ಜೂನ್‌ನಲ್ಲಿ ಕಬಾಬಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು, ಅದು ಬೇರೆಯೇ ಕಾರಣಕ್ಕೆ. ಮನೆಯಲ್ಲೂ ಆ ಪುಡಿ ಬೇಡ.) ಎಣ್ಣೆ 190 ದಾಟಿದ್ದರೆ ಲೇಪನ ಮೂರು ನಿಮಿಷದಲ್ಲಿ ಕಪ್ಪುಗೆಂಪಾಗುತ್ತದೆ, ಮೂಳೆಯ ಪಕ್ಕ ಇನ್ನೂ 60 ಕೂಡ ಆಗಿರದೆ ಇರಬಹುದು. ಎಣ್ಣೆ 150ಕ್ಕಿಂತ ಕೆಳಗಿದ್ದರೆ ತುಂಡು ಎಣ್ಣೆ ಕುಡಿದು ಮೆತ್ತಗಾಗುತ್ತದೆ. 170–175ರಲ್ಲಿ ಶುರು ಮಾಡಿ, ಬಾಣಲೆ ತುಂಬಿಸದೆ ಸ್ವಲ್ಪಸ್ವಲ್ಪವೇ ಬಿಡಿ. ಫ್ರಿಜ್ಜಿನಿಂದ ತೆಗೆದ ಮಸಾಲೆ ತುಂಡುಗಳನ್ನು ಒಮ್ಮೆಗೇ ಸುರಿದರೆ ಎಣ್ಣೆಯ ಕಾವು ಕುಸಿದು, ಆಮೇಲೆ ಏನು ಮಾಡಿದರೂ ಗರಿಗರಿ ಬರುವುದಿಲ್ಲ.

ಅಳೆಯುವಾಗ ತುಂಡನ್ನು ಎಣ್ಣೆಯೊಳಗೇ ಚುಚ್ಚಬೇಡಿ, ಎಣ್ಣೆಯ ಕಾವು ಕಡ್ಡಿಗೆ ತಾಗಿ ಅಂಕಿ ಮೇಲೇರುತ್ತದೆ. ಎಲ್ಲಕ್ಕಿಂತ ದಪ್ಪನೆಯ ತುಂಡನ್ನು ಆರಿಸಿ, ಚಿಮಟದಲ್ಲಿ ಎತ್ತಿ ತಟ್ಟೆಗಿಟ್ಟು, ಮೇಲಿಂದಲ್ಲ, ಪಕ್ಕದಿಂದ ಕಡ್ಡಿಯನ್ನು ಉದ್ದಕ್ಕೆ ತೂರಿಸಿ. ಮೂಳೆಗೆ ತಾಗಿದರೆ ಕೈಗೆ ಗೊತ್ತಾಗುತ್ತದೆ. ಒಂದಿಷ್ಟು ಹಿಂದಕ್ಕೆ ಎಳೆಯಿರಿ, ಮೂಳೆಯ ಮೇಲಿನ ಅಂಕಿ ಮಾಂಸದ್ದಲ್ಲ. ನಿಧಾನವಾಗಿ ನಡುವನ್ನು ದಾಟಿಸುತ್ತ ನೋಡಿದರೆ ಅಂಕಿ 82, 77, 71 ಎಂದು ಇಳಿದು ಮತ್ತೆ ಏರತೊಡಗುತ್ತದೆ. ಆ ಅತಿ ಕಡಿಮೆ ಅಂಕಿಯೇ ನಿಮ್ಮ ಉತ್ತರ. ಅದು 71 ಆಗಿದ್ದರೆ ಇಡೀ ಕಂತನ್ನು ಇನ್ನೊಂದೆರಡು ನಿಮಿಷ ಎಣ್ಣೆಗೆ ಬಿಡಿ. ಅಗ್ಗದ ಯಂತ್ರದಲ್ಲಿ ಹೀಗೆ ಸರಿಸುವಾಗ ಪ್ರತಿ ಜಾಗದಲ್ಲೂ ಹತ್ತು ಸೆಕೆಂಡು ತಡೆಯಬೇಕು, ಇಲ್ಲದಿದ್ದರೆ ಅದು ಹಿಂದಿನ ಜಾಗದ ಕಾವನ್ನೇ ತೋರಿಸುತ್ತಿರುತ್ತದೆ.

ಓವನ್ ಇಲ್ಲವೇ ಏರ್ ಫ್ರೈಯರಿನಲ್ಲಿ ಇಡೀ ಕೋಳಿ ಬೇಯಿಸುವವರು ಮೂರು ಕಡೆ ನೋಡಬೇಕು: ತೊಡೆ ದೇಹಕ್ಕೆ ಸೇರುವ ಒಳಭಾಗ, ರೆಕ್ಕೆಯ ಒಳಸಂದು, ಎದೆಯ ಅತಿ ದಪ್ಪ ಜಾಗ. ಮೂರೂ 74 ದಾಟಿರಬೇಕು. ಹಸಿ ಮಾಂಸವನ್ನೇ ಅಕ್ಕಿಯ ಕೆಳಗಿಟ್ಟು ದಮ್ ಕಟ್ಟುವ ಕಚ್ಚಿ ಬಿರಿಯಾನಿಯಲ್ಲಿ ಪಾತ್ರೆಯ ಅಂಚಿನ ತುಂಡು ಬೆಂದು ನಡುವಿನದು ಹಿಂದುಳಿಯುವುದುಂಟು. ಮುಚ್ಚಳ ತೆಗೆದ ಕೂಡಲೇ ನಡುವಿನ ಲೆಗ್ ಪೀಸಿಗೆ ಚುಚ್ಚಿ ನೋಡಿ, ಕಡಿಮೆ ಇದ್ದರೆ ಮುಚ್ಚಿ ಸಣ್ಣ ಉರಿಯಲ್ಲಿ ಮುಂದುವರಿಸಿ. ಕೋಳಿ ಸಾರು, ಕೋರಿ ಗಸಿಗಳಿಗೆ ಇದೆಲ್ಲ ಬೇಡ. ಕರಿ ಕಟ್ ತುಂಡುಗಳು ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಕುದಿಯುವ ಪಾತ್ರೆಯಲ್ಲಿ ಪ್ರಶ್ನೆಯೇ ಏಳುವುದಿಲ್ಲ, ಕುಕ್ಕರಿನಲ್ಲಂತೂ ಇಲ್ಲ. ಒಂದೇ ಎಚ್ಚರಿಕೆ: ಫ್ರೀಜರಿನ ತುಂಡು ಮಂಜುಗಟ್ಟಿದ ಉಂಡೆಯಾಗಿಯೇ ಸಾರಿಗೆ ಬೀಳಬಾರದು.

ಕರಗಿಸಲು ಸರಿಯಾದ ಜಾಗ ಫ್ರಿಜ್ಜಿನ ಕೆಳಗಿನ ತಟ್ಟು. ಎರಡು ಕಿಲೋ ಇಡೀ ಕೋಳಿಗೆ ಒಂದು ಹಗಲು ಒಂದು ರಾತ್ರಿ ಬೇಕು. ಅವಸರವಿದ್ದರೆ ನೀರು ಹೋಗದಂತೆ ಕಟ್ಟಿದ ಕವರಿನಲ್ಲಿ ತಣ್ಣೀರಿಗೆ ಹಾಕಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ. ಅರ್ಧ ಕಿಲೋಗೆ ಸುಮಾರು ಒಂದು ಗಂಟೆ, ಕರಗಿದ ಕೂಡಲೇ ಬೇಯಿಸಬೇಕು. ಕಟ್ಟೆಯ ಮೇಲಿಟ್ಟು ಕರಗಿಸಿದರೆ ಒಳಗೆ ಮಂಜು ಇದ್ದಾಗಲೇ ಹೊರಪದರ 25 ಡಿಗ್ರಿ ಮುಟ್ಟಿರುತ್ತದೆ. ಮೊಸರು, ನಿಂಬೆರಸದಲ್ಲಿ ನೆನೆಸಿದ್ದರೂ ಇದೇ ಮಾತು. ಹುಳಿ ಮಾಂಸವನ್ನು ಮೆದುವಾಗಿಸುತ್ತದೆ, ಬ್ಯಾಕ್ಟೀರಿಯಾವನ್ನು ಕೊಲ್ಲುವಷ್ಟು ಒಳಗಿಳಿಯುವುದಿಲ್ಲ. ಮಸಾಲೆ ಹಚ್ಚಿದ ಬೋಗುಣಿ ಫ್ರಿಜ್ಜಿನಲ್ಲೇ ಇರಲಿ. ಅರಿಶಿನ ಉಪ್ಪು ಹಾಕಿ ನಲ್ಲಿಯ ಕೆಳಗೆ ತಿಕ್ಕಿ ತೊಳೆಯುವ ರೂಢಿಯಿಂದ ಮಾಂಸ ಶುದ್ಧವಾಗುವುದಿಲ್ಲ, ಹನಿಗಳು ಸಿಡಿದು ಪಕ್ಕದ ಕೊತ್ತಂಬರಿ ಸೊಪ್ಪಿಗೆ, ತೊಳೆದಿಟ್ಟ ತಟ್ಟೆಗೆ ಸೂಕ್ಷ್ಮಜೀವಿಗಳನ್ನು ಹಂಚುತ್ತವೆ. ಅಂಗಡಿಯ ಮೂಳೆ ಚೂರು, ರಕ್ತ ಅಂಟಿದ್ದು ತೊಳೆಯಲೇಬೇಕೆಂದಿದ್ದರೆ ನಲ್ಲಿ ಬಿಡದೆ, ಸಿಂಕಿನೊಳಗಿಟ್ಟ ಬೋಗುಣಿಯ ನೀರಿನಲ್ಲಿ ಮೆಲ್ಲಗೆ ಅದ್ದಿ ತೆಗೆಯಿರಿ; ಆಮೇಲೆ ಸಿಂಕು, ಬೋಗುಣಿ, ಕೈ ಮೂರನ್ನೂ ಸೋಪಿನಿಂದ ತೊಳೆಯಿರಿ.

ಕೊಳ್ಳುವಾಗಲೂ ಕಡ್ಡಿ ಉಪಯೋಗಕ್ಕೆ ಬರುತ್ತದೆ. ಆ್ಯಪಿನಲ್ಲಿ ತರಿಸಿದ ಚಿಲ್ಡ್ ಪ್ಯಾಕೆಟ್ ಎರಡಿದ್ದರೆ ಅವುಗಳ ನಡುವೆ ಕಡ್ಡಿಯನ್ನು ಒತ್ತಿ ಹಿಡಿಯಿರಿ, ಪ್ಯಾಕೆಟ್ ತೂತು ಮಾಡುವ ಅಗತ್ಯವಿಲ್ಲ. 5 ಅಥವಾ ಕೆಳಗೆ ಬರಬೇಕು. ಹತ್ತು ಹನ್ನೆರಡು ಬಂದರೆ ದಾರಿಯಲ್ಲಿ ಎಲ್ಲೋ ತಂಪು ತಪ್ಪಿದೆ, ಬೆಳಗ್ಗೆ ಬಂದದ್ದನ್ನು ನಾಳೆಗೆಂದು ಇಡಬೇಡಿ. ಕಣ್ಣೆದುರೇ ಕೊಯ್ಯಿಸಿ ತಂದ ಕೋಳಿ ಬೆಚ್ಚಗಿದ್ದರೆ ಅದು ದೋಷವಲ್ಲ, ಜೀವಂತ ಕೋಳಿಯ ಮೈಕಾವೇ 41ರ ಸುತ್ತ. ಆದರೆ ಗಡಿಯಾರ ಆಗಲೇ ಶುರುವಾಗಿದೆ: ಎರಡು ಗಂಟೆಯೊಳಗೆ, ರಾಯಚೂರು ಕಲಬುರಗಿಯ ಬೇಸಗೆಯಲ್ಲಾದರೆ ಒಂದು ಗಂಟೆಯೊಳಗೆ, ಅದು ಒಲೆಯ ಮೇಲೋ ಫ್ರಿಜ್ಜಿನಲ್ಲೋ ಇರಬೇಕು. ಫ್ರಿಜ್ಜಿನಲ್ಲಿ ಹಸಿ ಚಿಕನ್‌ಗೆ ಒಂದೆರಡು ದಿನ, ಅದಕ್ಕಿಂತ ಹೆಚ್ಚಾದರೆ ಮೈನಸ್ 18ರ ಫ್ರೀಜರ್.

ಆ ಫ್ರಿಜ್ಜನ್ನೂ ಅಳೆಯಿರಿ. ಒಳಗಿನ ಗುಂಡಿಯ ಮೇಲಿರುವ 1ರಿಂದ 5 ಡಿಗ್ರಿಗಳಲ್ಲ, ತಂಪಿನ ಹಂತಗಳು. ಬಹುತೇಕ ಫ್ರಿಜ್ಜುಗಳಲ್ಲಿ ದೊಡ್ಡ ಅಂಕಿಗೆ ಹೆಚ್ಚು ತಂಪು. ನಡುವಿನ ತಟ್ಟಿನಲ್ಲಿ ಒಂದು ಲೋಟ ನೀರನ್ನು ರಾತ್ರಿಯಿಡೀ ಇಟ್ಟು, ಬೆಳಗ್ಗೆ ಬೇರೆ ಯಾರೂ ಬಾಗಿಲು ತೆಗೆಯುವ ಮೊದಲು ಕಡ್ಡಿ ಅದ್ದಿ ನೋಡಿ. ಗಾಳಿಯ ಕಾವು ಬಾಗಿಲು ತೆಗೆದ ಕೂಡಲೇ ಏರುತ್ತದೆ, ನೀರಿನದು ನಿಲ್ಲುತ್ತದೆ. 5 ಅಥವಾ ಕೆಳಗಿದ್ದರೆ ಸರಿ. 8 ಬಂದರೆ ಗುಂಡಿ ತಿರುಗಿಸಿ, ಬಾಗಿಲ ರಬ್ಬರ್ ನೋಡಿ, ಗಾಳಿ ಬರುವ ಕಿಂಡಿಗೆ ಅಡ್ಡವಾಗಿ ತುರುಕಿದ ಸೊಪ್ಪಿನ ಕಟ್ಟನ್ನು ಸರಿಸಿ. ಬಾಗಿಲಿನ ತಟ್ಟು ಎಲ್ಲಕ್ಕಿಂತ ಬೆಚ್ಚಗಿನದು, ಮಾಂಸಕ್ಕೆ ಆ ಜಾಗ ಬೇಡ. ಕರೆಂಟ್ ಹೋದರೆ ಬಾಗಿಲು ತೆಗೆಯದ ಫ್ರಿಜ್ ಸುಮಾರು ನಾಲ್ಕು ಗಂಟೆ, ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಡೆಯುತ್ತದೆ. ಕರೆಂಟ್ ಬಂದ ಮೇಲೆ ಊಹಿಸುತ್ತ ಕೂರಬೇಡಿ. ಫ್ರಿಜ್ಜಿನ ಚಿಕನ್ 5 ದಾಟಿ ಎರಡು ಗಂಟೆಗಿಂತ ಹೆಚ್ಚು ಇದ್ದಿದ್ದರೆ ಎಸೆಯಿರಿ. ಫ್ರೀಜರಿನದರಲ್ಲಿ ಮಂಜಿನ ಹರಳು ಉಳಿದಿದ್ದರೆ ಮತ್ತೆ ಗಟ್ಟಿ ಮಾಡಬಹುದು, ರುಚಿ ಸ್ವಲ್ಪ ಕುಗ್ಗುತ್ತದೆ.

ಬೆಂದ ಮೇಲಿನ ತಪ್ಪು ಬೇಯಿಸುವಾಗಿನದಕ್ಕಿಂತ ಅಪಾಯಕಾರಿ, ಏಕೆಂದರೆ ಅಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ. ಹತ್ತು ಜನಕ್ಕೆ ಮಾಡಿದ ಸಾರನ್ನು ರಾತ್ರಿ ತಪ್ಪಲೆಯಲ್ಲೇ ಮುಚ್ಚಿಟ್ಟು ಮಲಗಿದರೆ, ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ, ಕುದಿಯಲ್ಲೂ ಸಾಯದ ಬೀಜಕಣಗಳು ನಡುವಿನ ಬೆಚ್ಚನೆಯಲ್ಲಿ ಎಚ್ಚರಗೊಳ್ಳುತ್ತವೆ. 43–45 ಡಿಗ್ರಿಯಲ್ಲಿ ಅವು ಹತ್ತೇ ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲವು. ಗಟ್ಟಿ ಗ್ರೇವಿ ತುಂಬಿದ ಆಳದ ಪಾತ್ರೆ ಆ ಕಾವಿನ ಸುತ್ತಲೇ ಗಂಟೆಗಟ್ಟಲೆ ನಿಲ್ಲುತ್ತದೆ. ತಪ್ಪಲೆಯ ಹೊರಮೈ ಮುಟ್ಟಿ ‘ಆರಿದೆ’ ಎಂದುಕೊಂಡಾಗ ನಡುವೆ ಕಡ್ಡಿ ಇಳಿಸಿದರೆ ಎಷ್ಟು ಬಿಸಿ ಉಳಿದಿದೆ ಎಂದು ಕಣ್ಣಾರೆ ಕಾಣಬಹುದು. ಗುರಿ ಹೀಗಿರಲಿ: 60ರಿಂದ 21ಕ್ಕೆ ಎರಡು ಗಂಟೆಯೊಳಗೆ, ಅಲ್ಲಿಂದ 5ಕ್ಕೆ ಮುಂದಿನ ನಾಲ್ಕು ಗಂಟೆಯೊಳಗೆ. ಅಗಲವಾದ ಸ್ಟೀಲ್ ತಟ್ಟೆಗಳಿಗೆ ಐದು ಸೆಂಟಿಮೀಟರ್ ಮೀರದಂತೆ ಹಂಚಿ, ಸಿಂಕಿನಲ್ಲಿ ಐಸ್ ನೀರು ತುಂಬಿ ಅದರಲ್ಲಿ ತಟ್ಟೆಗಳನ್ನಿಟ್ಟು ಆಗಾಗ ಕಲಕಿದರೆ ಇದು ಸುಲಭ. ಬಿರಿಯಾನಿಯ ಅನ್ನಕ್ಕೂ ಹೀಗೆಯೇ. ಅಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬಿಡುವ ಒಂದು ಬಗೆಯ ವಿಷ ಮತ್ತೆ ಬಿಸಿ ಮಾಡಿದರೂ ಅಳಿಯುವುದಿಲ್ಲ. ಫ್ರಿಜ್ಜಿನಲ್ಲಿ ಬೆಂದ ಚಿಕನ್ ಮೂರು ನಾಲ್ಕು ದಿನ ಚೆನ್ನಾಗಿರುತ್ತದೆ. ಮತ್ತೆ ಬಿಸಿ ಮಾಡುವಾಗ ತಿನ್ನುವಷ್ಟನ್ನೇ ತೆಗೆದು ನಡುವೆ 74 ಬರುವವರೆಗೆ ಕಾಯಿಸಿ. ಮೈಕ್ರೋವೇವಿನಲ್ಲಾದರೆ ಅರ್ಧಕ್ಕೆ ನಿಲ್ಲಿಸಿ ಕಲಕಿ, ಎರಡು ಮೂರು ಕಡೆ ಚುಚ್ಚಿ ನೋಡಿ, ಒಂದೇ ಬಟ್ಟಲಿನಲ್ಲಿ 85 ಮತ್ತು 50 ಅಕ್ಕಪಕ್ಕ ಸಿಗುತ್ತವೆ.

ಇನ್ನು ಡಬ್ಬಿಗಳು: ಟ್ಯೂನಾ, ಬೀನ್ಸ್, ಅಣಬೆ, ಸ್ವೀಟ್ ಕಾರ್ನ್, ತೆಂಗಿನ ಹಾಲು. ಇವುಗಳಲ್ಲಿ ಹೆದರಬೇಕಾದ್ದು ಕ್ಲಾಸ್ಟ್ರಿಡಿಯಂ ಬಾಟುಲಿನಮ್ ಎಂಬ ಬ್ಯಾಕ್ಟೀರಿಯಾಕ್ಕೆ. ಗಾಳಿಯಿಲ್ಲದ, ಹುಳಿ ಕಡಿಮೆ ಇರುವ, ಅಂದರೆ ಪಿಎಚ್ 4.6ಕ್ಕಿಂತ ಮೇಲಿರುವ ಆಹಾರದಲ್ಲಿ ಅದರ ಬೀಜಕಣ ಮೊಳೆತು ನರಗಳನ್ನು ಸ್ತಬ್ಧಗೊಳಿಸುವ ವಿಷ ಬಿಡುತ್ತದೆ. ಅದಕ್ಕೇ ಕಾರ್ಖಾನೆಯಲ್ಲಿ ಡಬ್ಬಿಯ ಅತಿ ತಣ್ಣನೆಯ ಬಿಂದುವಿಗೆ ಕನಿಷ್ಠ 121 ಡಿಗ್ರಿಯಲ್ಲಿ ಮೂರು ನಿಮಿಷಕ್ಕೆ ಸಮನಾದ ಕಾವು ಕೊಡುತ್ತಾರೆ. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಸೈನಿಕರಿಗಾಗಿ ರೂಪಿಸಿದ, ಫ್ರಿಜ್ ಬೇಡದ ರಿಟಾರ್ಟ್ ಪೊಟ್ಟಣದ (ಮುಚ್ಚಿದ ಮೇಲೆ ಒತ್ತಡದಲ್ಲಿ ಕಾಯಿಸಿದ) ಊಟಗಳ ಹಿಂದಿರುವುದೂ ಇದೇ ಲೆಕ್ಕ. ಅಳೆಯುವ ಕೆಲಸ ಅಲ್ಲೇ ಮುಗಿದಿದೆ. ಮನೆಯಲ್ಲಿ ನೀವು ಕಾಯಬೇಕಾದ್ದು ಡಬ್ಬಿಯ ಹೊಲಿಗೆಯನ್ನು, ಅಂದರೆ ತಗಡು ಕೂಡುವ ಅಂಚನ್ನು. ಮೇಲೆ ಕೆಳಗೆ ಉಬ್ಬಿದ್ದು, ಸೋರುವುದು, ಉಜ್ಜಿದರೆ ಹೋಗದ ಆಳದ ತುಕ್ಕು ಹಿಡಿದದ್ದು, ಅಂಚಿನ ಮಡಿಕೆಯ ಮೇಲೆಯೇ ತಗ್ಗು ಬಿದ್ದದ್ದು, ತೆರೆದಾಗ ಚಿಮ್ಮುವುದು, ಇವನ್ನು ರುಚಿ ನೋಡದೆ ಎಸೆಯಿರಿ. ‘ಚೆನ್ನಾಗಿ ಕುದಿಸಿದರಾಯಿತು’ ಎಂದು ಥರ್ಮಾಮೀಟರ್ ಹಿಡಿದು ಕೂರುವುದು ಬೇಡ. ಡಬ್ಬಿಯ ಹೊಟ್ಟೆಯ ಮೇಲೆ ಬೆರಳು ಇಳಿಯದಷ್ಟು ಸಣ್ಣ ತಗ್ಗಿದ್ದರೆ ತೊಂದರೆಯಿಲ್ಲ.

ಟೊಮೆಟೊ, ಅನಾನಸಿನಂಥ ಹುಳಿ ಡಬ್ಬಿಗಳ ರುಚಿ ಒಂದು, ಒಂದೂವರೆ ವರ್ಷ ಕೆಡದು. ಮಾಂಸ, ಮೀನು, ಕಾಳಿನವು ಎರಡರಿಂದ ಐದು ವರ್ಷ. ಡಬ್ಬಿಯ ಮೇಲಿನ ದಿನಾಂಕ ಮೊದಲು ಬಂದರೆ ಅದನ್ನೇ ಪಾಲಿಸಿ. ತೆರೆದ ಮೇಲೆ ಉಳಿದದ್ದನ್ನು ಗಾಜಿಗೋ ಸ್ಟೀಲಿಗೋ ವರ್ಗಾಯಿಸಿ ಫ್ರಿಜ್ಜಿನಲ್ಲಿಟ್ಟು ಮೂರು ನಾಲ್ಕು ದಿನದಲ್ಲಿ ಮುಗಿಸಿ. ಕುಕ್ಕರಿನಲ್ಲಿ ಚಿಕನ್ ತುಂಬಿದ ಗಾಜಿನ ಜಾಡಿ ಬೇಯಿಸಿ ತಿಂಗಳುಗಟ್ಟಲೆ ಹೊರಗಿಡುವ ವಿಡಿಯೊಗಳನ್ನು ಅನುಸರಿಸಬೇಡಿ. 15 ಪೌಂಡ್ ಒತ್ತಡದಲ್ಲೂ ಬೆಂಗಳೂರಿನ ಎತ್ತರಕ್ಕೆ ಕುಕ್ಕರ್ ಸುಮಾರು 119 ಡಿಗ್ರಿಗೆ ನಿಲ್ಲುತ್ತದೆ. ಜೊತೆಗೆ ಅದು ಬೇಗ ಕಾದು ಬೇಗ ಆರುವುದರಿಂದ, ಕ್ಯಾನಿಂಗ್‌ಗೆಂದೇ (ಜಾಡಿಯಲ್ಲಿ ಮುಚ್ಚಿ ಕೆಡದಂತೆ ಕಾಯಿಸಲೆಂದೇ) ಮಾಡಿದ ದೊಡ್ಡ ಪಾತ್ರೆಗಳಿಗೆ ಪರೀಕ್ಷಿಸಿ ಬರೆದ ಸಮಯಗಳು ಇದಕ್ಕೆ ಹೊಂದುವುದಿಲ್ಲ. ಮನೆಯ ಚಿಕನ್ ಉಪ್ಪಿನಕಾಯಿಯೂ ಇದೇ ಸಾಲಿನದು. ಎಣ್ಣೆಯಡಿ ಗಾಳಿಯಿಲ್ಲ, ನಿಂಬೆ ಅಥವಾ ವಿನೆಗರ್ ಸಾಲದಿದ್ದರೆ ಹುಳಿಯೂ ಇಲ್ಲ. ಅದನ್ನು ಮೊದಲ ದಿನದಿಂದಲೇ ಫ್ರಿಜ್ಜಿನಲ್ಲಿಡಿ.

ಯಂತ್ರದ ಕಿರಿಕಿರಿಗಳೂ ಇವೆ. ‘ಹೋಲ್ಡ್’ ಗುಂಡಿ ಕೈತಾಗಿ ಒತ್ತಿಹೋದರೆ ಹಳೆಯ ಅಂಕಿ ಅಲ್ಲೇ ಹೆಪ್ಪುಗಟ್ಟುತ್ತದೆ. ಚುಚ್ಚುವ ಮುನ್ನ ಕೋಣೆಯ ಕಾವು ತೋರಿಸುತ್ತಿದೆಯೇ ನೋಡಿಕೊಳ್ಳಿ. ಪಕ್ಕದ ಗುಂಡಿ ಫ್ಯಾರನ್‌ಹೀಟಿಗೆ ತಿರುಗಿಸಿದರೆ ಇನ್ನೂ ಅಪಾಯ: 74 ಫ್ಯಾರನ್‌ಹೀಟ್ ಎಂದರೆ ಬರೀ 23 ಸೆಲ್ಸಿಯಸ್. ಪ್ಲಾಸ್ಟಿಕ್ ತಲೆ ಒಲೆಯ ಉರಿಗೆ ಕರಗುತ್ತದೆ, ಹಬೆ ಒಳಹೊಕ್ಕರೆ ಪರದೆ ಮಸುಕಾಗುತ್ತದೆ. ತಲೆಯನ್ನು ನೀರಿನಲ್ಲಿ ಮುಳುಗಿಸದೆ ಕಡ್ಡಿಯನ್ನು ಮಾತ್ರ ಸೋಪುನೀರಿನಲ್ಲಿ ತೊಳೆದು, ಸ್ಪಿರಿಟ್ ಹತ್ತಿಯಿಂದ ಒರೆಸಿ. ಇದನ್ನು ಪ್ರತಿ ಚುಚ್ಚಿನ ನಂತರವೂ ಮಾಡಬೇಕು; ಬೇಯದ ತುಂಡಿಗೆ ಹೋದ ಕಡ್ಡಿ ಹಾಗೆಯೇ ಬೆಂದದ್ದಕ್ಕೆ ಹೋದರೆ ಅಳತೆಯೇ ಸೋಂಕು ಹರಡಿದಂತಾಗುತ್ತದೆ. ಕೊಳ್ಳುವಾಗ ತುದಿ ಚೂಪಾಗಿ ತೆಳ್ಳಗಿರುವುದು, ಕಡ್ಡಿ 12 ಸೆಂಟಿಮೀಟರಿಗಿಂತ ಉದ್ದವಿರುವುದು, ಮೈನಸ್ 20ರಿಂದ 200 ದಾಟಿ ಅಳೆಯುವುದು, ನಿಖರತೆ ಒಂದು ಡಿಗ್ರಿ ಎಂದು ಬರೆದಿರುವುದನ್ನು ಆರಿಸಿ. ಚಿಕ್ಕ ಬಟನ್ ಬ್ಯಾಟರಿಯ ಮಾದರಿಗಿಂತ ಎಎಎ ಬ್ಯಾಟರಿಯದು ಮೇಲು, ಅದು ಯಾವ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಬಟನ್ ಬ್ಯಾಟರಿಯದನ್ನೇ ಕೊಂಡರೆ ಅದರ ಮುಚ್ಚಳಕ್ಕೆ ಸ್ಕ್ರೂ ಇರಲಿ, ಚಿಕ್ಕ ಮಕ್ಕಳು ನುಂಗಿದರೆ ಆ ಬ್ಯಾಟರಿ ಅನ್ನನಾಳವನ್ನೇ ಸುಡುತ್ತದೆ.